ಬಡಿಸಿದವನ ಪಾಲು

ಪಣಜಿ, ಮಡಗಾಂವ್, ಕಲಂಗುಟ್‌ಗಳ ಹೋಟೆಲುಗಳಲ್ಲಿ ನಮಗೆ ಬಡಿಸುವ ಹುಡುಗ ವಿಜಯಪುರದವನೋ ಬಾಗಲಕೋಟೆಯವನೋ ಆಗಿರುವುದು ಅಪರೂಪವಲ್ಲ. ಗುರುತು ಹತ್ತಿದೊಡನೆ ‘ತಮ್ಮಾ, ಯಾವೂರು?’ ಎನ್ನುತ್ತೇವೆ, ಅವನು ಹಿಗ್ಗಿ, ಕೇಳದೆಯೇ ಇನ್ನೊಂದು ಬಟ್ಟಲು ಸಾರು ತಂದಿಡುತ್ತಾನೆ. ಬಿಲ್ಲು ಬಂದಾಗ ಮಾತ್ರ ಚಿಲ್ಲರೆಯನ್ನೆಲ್ಲ ಎಣಿಸಿಕೊಂಡು, ಒಂದು ಹಿಡಿ ಸೋಂಪಿನೊಡನೆ ಹೊರಬೀಳುತ್ತೇವೆ. ಕನ್ನಡದಲ್ಲಿ ಮಾತನಾಡಿಸಿದ್ದೇ ಭಕ್ಷೀಸೆಂದು ಬಗೆದಂತಿದೆ!

ಕೇಳಿದರೆ ಕಾನೂನನ್ನು ಮುಂದೊಡ್ಡುತ್ತೇವೆ. ಬಿಲ್ಲಿಗೆ ಸೇವಾ ಶುಲ್ಕವನ್ನು ತಾನಾಗಿ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲಿ ವಿಧಿಸಿತು, 2025ರ ಮಾರ್ಚ್‌ನಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು, ದಿಟ. ಆದರೆ ತಡೆದದ್ದು ಮಾಲೀಕನ ಬಲವಂತವನ್ನೇ ಹೊರತು ಗಿರಾಕಿಯ ಔದಾರ್ಯವನ್ನಲ್ಲ. ಶುಲ್ಕವನ್ನು ತೆಗೆಸಿ ಗೆದ್ದ ನಮ್ಮಲ್ಲಿ ಎಷ್ಟು ಮಂದಿ ಅದರ ಅರ್ಧವನ್ನಾದರೂ ಬಡಿಸಿದವನ ಕೈಗಿಟ್ಟೆವು?

ಸಂಬಳ ಕೊಡುವುದು ಮಾಲೀಕನ ಹೊಣೆ, ಒಪ್ಪಿದೆವು. ಆದರೆ ಕಡಲದಂಡೆಯ ಶ್ಯಾಕುಗಳನ್ನು ಮಳೆಗಾಲಕ್ಕೆ ಮುನ್ನ ಬಿಚ್ಚಿದಾಗ ಅಲ್ಲಿ ದುಡಿದವನ ಸಂಬಳವೂ ನಿಲ್ಲುತ್ತದೆ. ಊರಿನ ಬಸ್ಸು ಹತ್ತುವಾಗ ಅವನ ಜೇಬಿನಲ್ಲಿ ನಾವು ಬಿಟ್ಟುಬಂದ ನೋಟುಗಳೂ ಇರುತ್ತವೆ, ಬಿಟ್ಟುಬಂದಿದ್ದರೆ. (ಮೊಬೈಲಿನಲ್ಲಿ ಬಿಲ್ಲಿನೊಡನೆ ಸೇರಿಸಿ ಕಳಿಸಿದ್ದು ಮಾಲೀಕನ ಖಾತೆಗೇ ಹೋಗುತ್ತದೆ, ಕೈಗೇ ಕೊಡಬೇಕು.)

ದೂರವೇಕೆ? ನಮ್ಮ ಸಮ್ಮೇಳನಗಳ ಖರ್ಚಿನ ಪಟ್ಟಿಯಲ್ಲಿ ಶಾಲು, ಹಾರ, ಫಲಕಗಳಿಗೆ ಸಾಲುಗಳುಂಟು. ಎಲೆ ಎತ್ತಿದವರಿಗೆ ಒಂದೂ ಇಲ್ಲ.