ಡಿಸೆಂಬರಿಗೇ ಮುಗಿಯುವ ಲೆಕ್ಕ

ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಮೂರು ವರ್ಷ ಹೆಚ್ಚಾಗಿ ಬೆಂಚ್ ಕಾಯ್ದವನು ನಾನು. ಆಟಕ್ಕಿಂತ ಪಾಯಿಂಟ್ ಪಟ್ಟಿ ನೋಡುವ ಚಟ ಅಲ್ಲೇ ಅಂಟಿತು. ಆ ಚಟವೇ ನನ್ನನ್ನು ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ವರೆಗೆ ಕರೆದೊಯ್ದಿತು. ಅಲ್ಲಿ ಪ್ರತಿ ಮಾರ್ಚ್‌ನಲ್ಲೂ ಒಂದೇ ಜಗಳ: ಯಾವ ಕಾನ್ಫರೆನ್ಸ್ ಬಲಿಷ್ಠ?

ಕಾನ್ಫರೆನ್ಸ್ ಅಂದರೆ ತಮ್ಮೊಳಗೇ ಲೀಗ್ ಆಡುವ ಕಾಲೇಜುಗಳ ಗುಂಪು. ಹೆಸರು ನಂಬಿ ಮೋಸಹೋಗಬೇಡಿ. ‘ಬಿಗ್ ಟೆನ್’ನಲ್ಲಿ ಈಗ 18 ತಂಡಗಳಿವೆ; ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ 2024ರಿಂದ ‘ಅಟ್ಲಾಂಟಿಕ್ ಕೋಸ್ಟ್’ (ಎಸಿಸಿ) ಗುಂಪಿನಲ್ಲಿದೆ!

ರಾಷ್ಟ್ರೀಯ ಟೂರ್ನಿಗೆ 68 ತಂಡ. ತಮ್ಮ ಕಾನ್ಫರೆನ್ಸ್ ಗೆದ್ದವರಿಗೆ ನೇರ ಪ್ರವೇಶ; ಉಳಿದ ಮೂವತ್ತಾರೋ ಮೂವತ್ತೇಳೋ ಸ್ಥಾನಗಳನ್ನು ಒಂದು ಸಮಿತಿ ಹಂಚುತ್ತದೆ. ಜಗಳವೆಲ್ಲ ಈ ಸ್ಥಾನಗಳದ್ದೇ. 2025ರಲ್ಲಿ ದಕ್ಷಿಣ ರಾಜ್ಯಗಳ ಎಸ್‌ಇಸಿ ಗುಂಪಿನ 16 ತಂಡಗಳಲ್ಲಿ 14 ಒಳಬಂದವು. 2011ರಲ್ಲಿ ಬಿಗ್ ಈಸ್ಟ್‌ನ 11 ತಂಡಗಳು ಬಂದದ್ದೇ ಅದುವರೆಗಿನ ದಾಖಲೆ.

ಎಸ್‌ಇಸಿ ಬಲ ಸುಳ್ಳಲ್ಲ. ಆ ವರ್ಷ ಕೊನೆಯ ಹದಿನಾರರಲ್ಲಿ ಏಳು ತಂಡ ಅವರವೇ. ಫೈನಲ್‌ನಲ್ಲಿ ಫ್ಲೋರಿಡಾ 65-63ರಿಂದ ಹ್ಯೂಸ್ಟನ್ ತಂಡವನ್ನು ಮಣಿಸಿತು. ನನ್ನ ತಕರಾರು ಅಳತೆಗೋಲಿನದು.

ಜನವರಿಯಿಂದ ತಂಡಗಳು ಬಹುತೇಕ ತಮ್ಮ ಗುಂಪಿನೊಳಗೇ ಆಡುತ್ತವೆ. ಅಲ್ಲಿ ಒಬ್ಬರು ಗೆದ್ದರೆ ಇನ್ನೊಬ್ಬರು ಸೋಲಲೇಬೇಕು. ಹಾಗಾಗಿ ಎಷ್ಟು ಚೆನ್ನಾಗಿ ಆಡಿದರೂ ಇಡೀ ಗುಂಪಿನ ಗೆಲುವು ಅರ್ಧಕ್ಕರ್ಧವೇ. ಒಂದು ಗುಂಪು ಇನ್ನೊಂದಕ್ಕಿಂತ ಮೇಲೆ ಎಂಬುದು ನವೆಂಬರ್, ಡಿಸೆಂಬರ್‌ನ ಹೊರಗಿನ ಪಂದ್ಯಗಳಲ್ಲೇ ಬಹುಪಾಲು ತೀರ್ಮಾನವಾಗಿಬಿಡುತ್ತದೆ. 2024ರ ಡಿಸೆಂಬರ್‌ನಲ್ಲಿ ಎಸ್‌ಇಸಿ, ಎಸಿಸಿ ಮುಖಾಮುಖಿಯಾದಾಗ ಫಲಿತಾಂಶ 14-2. ಎಸಿಸಿಗೆ ಕೊನೆಗೆ ಸಿಕ್ಕಿದ್ದು ನಾಲ್ಕೇ ಸ್ಥಾನ.

2018ರಿಂದ ಸಮಿತಿ ‘ನೆಟ್’ ಎಂಬ ರ‍್ಯಾಂಕಿಂಗ್ ಬಳಸುತ್ತದೆ. ತವರಿನಲ್ಲಿ ಮೊದಲ 30ರೊಳಗಿನ ತಂಡವನ್ನೋ, ಎದುರಾಳಿಯ ಅಂಗಳದಲ್ಲಿ 75ರೊಳಗಿನ ತಂಡವನ್ನೋ ಸೋಲಿಸಿದರೆ ಅದು ಮೊದಲ ದರ್ಜೆಯ ಗೆಲುವು. ದೊಡ್ಡ ಗುಂಪಿನ ತಂಡಕ್ಕೆ ಇಂಥ ಅವಕಾಶ ವಾರವಾರ ಬರುತ್ತದೆ. ಸಣ್ಣ ಗುಂಪಿನ ತಂಡಕ್ಕೆ? ಅದರ ಅಂಗಳಕ್ಕೆ ಬರಲು ದೊಡ್ಡವರಿಗೆ ಮನಸ್ಸಿಲ್ಲ. ಸೋತರೆ ಮಾನ ಹೋಗುತ್ತದೆ, ಗೆದ್ದರೆ ಹೆಚ್ಚೇನೂ ಸಿಗುವುದಿಲ್ಲ. ನಮ್ಮ ಕಾಲೇಜಿಗೆ ಬರದ ಕಂಪನಿಯೊಂದರ ಪೂಲ್ ಕ್ಯಾಂಪಸ್‌ಗೆಂದು ಇನ್ನೊಂದು ಕಾಲೇಜಿನ ಕಾರಿಡಾರ್‌ನಲ್ಲಿ ಫೈಲ್ ಹಿಡಿದು ನಿಂತಾಗ ನನಗೆ ಈ ನಿಯಮ ನೆನಪಾಗಿತ್ತು.

2024ರ ಇಂಡಿಯಾನಾ ಸ್ಟೇಟ್ ನೋಡಿ. ಮಿಸೌರಿ ವ್ಯಾಲಿ ಎಂಬ ಸಣ್ಣ ಗುಂಪಿನ ಲೀಗ್‌ನಲ್ಲಿ ಅಗ್ರಸ್ಥಾನ, ಒಟ್ಟು 28 ಗೆಲುವು, 6 ಸೋಲು, ನೆಟ್‌ನಲ್ಲಿ 30ರೊಳಗೆ. ಗುಂಪಿನ ಟೂರ್ನಿಯ ಫೈನಲ್‌ನಲ್ಲಿ ಡ್ರೇಕ್ ಎದುರು ಸೋತಿತು, ಸಮಿತಿ ಕರೆಯಲಿಲ್ಲ. ಮರುವರ್ಷ ಟೆಕ್ಸಾಸ್ ಮತ್ತು ಒಕ್ಲಹೋಮ ತಮ್ಮ ಗುಂಪಿನೊಳಗೆ ತಲಾ 6 ಗೆದ್ದು 12 ಸೋತಿದ್ದರೂ ಎಸ್‌ಇಸಿ ಪಾಲಿನಲ್ಲಿ ಒಳಬಂದವು. ಎರಡೂ ಮೊದಲ ಪಂದ್ಯದಲ್ಲೇ ಮನೆಗೆ ಹೋದವು.

ಕಠಿಣ ಗುಂಪಿನಲ್ಲಿ ಆರು ಗೆಲುವೂ ದೊಡ್ಡದೇ ಎಂಬ ವಾದವಿದೆ; ತಳ್ಳಿಹಾಕುವಂತಿಲ್ಲ. 2011ರಲ್ಲಿ ಬಿಗ್ ಈಸ್ಟ್‌ನೊಳಗೆ 9 ಗೆದ್ದು 9 ಸೋತಿದ್ದ ಕನೆಕ್ಟಿಕಟ್ ತಂಡವೇ ರಾಷ್ಟ್ರೀಯ ಚಾಂಪಿಯನ್ ಆಯಿತು. ಆದರೆ ಅದೇ ಗುಂಪಿನ ಹನ್ನೊಂದರಲ್ಲಿ ಕೊನೆಯ ಹದಿನಾರು ಮುಟ್ಟಿದ್ದು ಎರಡೇ ತಂಡ. ಗುಂಪಿನ ಸರಾಸರಿ ನೋಡಿ ಒಂದು ತಂಡಕ್ಕೆ ಅಂಕ ಕೊಟ್ಟರೆ ಇಬ್ಬಗೆಯ ತಪ್ಪೂ ಆಗುತ್ತದೆ.

ಅವಕಾಶ ಸಿಗದ ಇಂಡಿಯಾನಾ ಸ್ಟೇಟ್ ಎನ್‌ಐಟಿ ಎಂಬ ಎರಡನೇ ಹಂತದ ಟೂರ್ನಿ ಆಡಿತು. ಅಲ್ಲಿ ಶ್ರೇಯಾಂಕದ ಬಲದಿಂದ ತವರಿನ ಪಂದ್ಯಗಳು ಸಿಕ್ಕವು. ಬಿಗ್ ಟೆನ್‌ನ ಮಿನ್ನೆಸೋಟ, ಬಿಗ್ 12ರ ಸಿನ್ಸಿನಾಟಿ ಇಂಡಿಯಾನಾದ ಟೆರ್ರೆ ಹೋಟ್ ಎಂಬ ಸಣ್ಣ ಊರಿಗೆ ಬಂದೇ ಆಡಬೇಕಾಯಿತು. ಎರಡೂ ಸೋತು ಹೋದವು.