ಪಣಜಿಯ ಗಾಳಿ, ತಿಕೋಟಾದ ಬಿಸಿಲು

ಬಿಸಿಲಿನ ವಿಷಯದಲ್ಲಿ ವಿಜಯಪುರದವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ತಿಕೋಟಾದ ದ್ರಾಕ್ಷಿ ತೋಟಗಳಿಗೆ ಹೋಗಿ ನೋಡಿ. ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ ಶೆಡ್ಡಿನ ನೆರಳಲ್ಲಿ ಹರವುತ್ತಾರೆ. ಒಣಗಾಳಿ ಉಳಿದ ಕೆಲಸ ಮಾಡುತ್ತದೆ, ಒಣದ್ರಾಕ್ಷಿ ಸಿದ್ಧವಾಗುತ್ತದೆ. ಗ್ರೀಸ್, ತುರ್ಕಿಯ ರೈತರದೂ ಇದೇ ಹಳೆಯ ಉಪಾಯ. ಅವರು ಬಳಸುತ್ತಿದ್ದದ್ದು ಆಲಿವ್ ಎಣ್ಣೆ, ಅಷ್ಟೇ. ಮೆಡಿಟರೇನಿಯನ್ ತೀರದ ಬಿಸಿಲೂ ದ್ರಾಕ್ಷಿಯೂ ನಮ್ಮಲ್ಲಿವೆ. ಇಲ್ಲದ್ದು ಸಮುದ್ರ ಒಂದೇ.

ಆ ಸಮುದ್ರದ ಗಾಳಿಯ ಪಾಠವನ್ನು ನಾನು ಮೊದಲು ಬಬಲೇಶ್ವರ ಕಡೆ, ಈಗ ತಿಕೋಟಾ ಕಡೆ, ಒಟ್ಟು ಇಪ್ಪತ್ತೆಂಟು ವರ್ಷ ಮಾಡಿದ್ದೇನೆ. ಹಗಲು ನೆಲ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಹಗುರಾಗಿ ಏರುತ್ತದೆ, ಆ ಜಾಗಕ್ಕೆ ಸಮುದ್ರದ ತಂಪು ಗಾಳಿ ನುಗ್ಗುತ್ತದೆ. ರಾತ್ರಿ ನೆಲ ಬೇಗ ಆರುತ್ತದೆ, ಗಾಳಿ ಉಲ್ಟಾ ಬೀಸುತ್ತದೆ. ಬೋರ್ಡಿನ ಮೇಲೆ ಎರಡು ಬಾಣ ಎಳೆದರೆ ಪಾಠ ಮುಗಿಯಿತು. ನಿಜ ಹೇಳಬೇಕೆಂದರೆ, ಅಷ್ಟೂ ವರ್ಷ ನಾನೇ ಸಮುದ್ರ ನೋಡಿರಲಿಲ್ಲ.

ಕಳೆದ ಡಿಸೆಂಬರಿನಲ್ಲಿ ನಾಲ್ಕು ದಿನ ರಜೆ ಹಾಕಿ, ಮನೆಯವರನ್ನು ಕರೆದುಕೊಂಡು ಬೆಳಗಾವಿ, ಚೋರ್ಲಾ ಘಾಟ್ ದಾಟಿ ಪಣಜಿಗೆ ಹೋದೆ. ಬಬಲೇಶ್ವರದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿ ಗೌಂಡಿ ಕೆಲಸಕ್ಕಿದ್ದಾನೆ. ಬಸ್ ಸ್ಟ್ಯಾಂಡಿಗೇ ಬಂದು ನಮ್ಮ ಚೀಲ ಹೊತ್ತುಕೊಂಡ.

ಪಣಜಿಯ ಫೊಂಟೆನಾಸ್ ಓಣಿಗಳಲ್ಲಿ ಅಡ್ಡಾಡಿದರೆ ಯುರೋಪಿನ ದಕ್ಷಿಣದ ಯಾವುದೋ ಊರಿಗೆ ಬಂದಂತಾಗುತ್ತದೆ. ಹಳದಿ, ನೀಲಿ, ಕೆಂಪು ಗೋಡೆಗಳು, ಹಂಚಿನ ಮಾಡು, ಬೀದಿಗೆ ಚಾಚಿದ ಪುಟ್ಟ ಬಾಲ್ಕನಿಗಳು. ಇದನ್ನು ಕಟ್ಟಿದ ಪೋರ್ಚುಗೀಸರ ನಾಡು ಅಟ್ಲಾಂಟಿಕ್ ದಂಡೆಯಲ್ಲಿದ್ದರೂ ಹವೆ ಮೆಡಿಟರೇನಿಯನ್ ಮಾದರಿಯದು. ಅಲ್ಲಿ ಮಳೆ ಚಳಿಗಾಲಕ್ಕೆ. ಗೋವಾದಲ್ಲಿ ಹಾಗಲ್ಲ. ಜೂನ್ ಬಂತೆಂದರೆ ಮುಂಗಾರು ಸುರಿಯುತ್ತದೆ. ಆ ಮೋಡಗಳು ಸಹ್ಯಾದ್ರಿಯಲ್ಲೇ ಬಹುಪಾಲು ಬರಿದಾಗಿ ನಮ್ಮ ಕಡೆ ಬರುವುದರಿಂದಲೇ ನಮಗೆ ಬರದ ಭಯ.

ಮಾಂಡೋವಿ ನದಿಯ ದಂಡೆಯಲ್ಲಿ ಒಂದು ದೊಡ್ಡ ಬಿಳಿ ಕಟ್ಟಡವಿದೆ. ವಿಜಯಪುರದ ಯೂಸುಫ್ ಆದಿಲ್ ಶಾಹ 1500ರ ಸುಮಾರಿಗೆ ಕಟ್ಟಿಸಿದ ಅರಮನೆಯ ಜಾಗ ಅದು. 1510ರಲ್ಲಿ ಗೋವಾ ಪೋರ್ಚುಗೀಸರ ಪಾಲಾಯಿತು, ಅರಮನೆಯೂ ಹೋಯಿತು. “ನಮ್ಮೂರಿನವರು ಆವಾಗಿಂದನೂ ಇಲ್ಲಿ ಕಟ್ಟತಾನ ಅದಾರ ಬಿಡ್ರಿ” ಎಂದು ನಮ್ಮ ಗೌಂಡಿ ನಕ್ಕ.

ಮರುದಿನ ಬೆಳಕು ಹರಿಯುವ ಮೊದಲೇ ಮಿರಾಮಾರ್ ದಂಡೆಗೆ ಹೋದೆವು. ಸಮುದ್ರ ನೋಡಿ ಮನೆಯವರು ಕೈಮುಗಿದರು. ನಾನು ಕರವಸ್ತ್ರ ಬಿಚ್ಚಿ ಹಿಡಿದೆ. ಅದರ ತುದಿ ನೀರಿನ ಕಡೆ ಹಾರಿತು. ನೆಲಗಾಳಿ! ಮಧ್ಯಾಹ್ನ ದೋನಾ ಪಾವ್ಲಾದಲ್ಲಿ ಮತ್ತೆ ಹಿಡಿದಾಗ ತುದಿ ನನ್ನ ಮುಖಕ್ಕೇ ಬಡಿಯಿತು. ಪಕ್ಕದ ಪ್ರವಾಸಿಗರು ನನ್ನನ್ನು ವಿಚಿತ್ರವಾಗಿ ನೋಡಿದರು.

ಗೌಂಡಿಗೆ ಮಾತ್ರ ಆಶ್ಚರ್ಯವಾಗಲಿಲ್ಲ. “ಅದಕ್ಕ ಅರಿವಿ ಯಾಕ್ರಿ ಸರ? ಮುಂಜಾನಿ ಗಾಳಿ ಸಮುದ್ರದ ಕಡೆ ಹೋಗತೈತಿ. ಹನ್ನೊಂದು, ಹನ್ನೆರಡಾತಂದ್ರ ತಿರಗತೈತಿ. ಆಮ್ಯಾಲ ಮ್ಯಾಲ ನಿಂತು ಸಿಮೆಂಟ್ ಚೀಲ ಬಿಚ್ಚಿದ್ರ ಧೂಳೆಲ್ಲಾ ಕಣ್ಣಾಗ. ಅದಕ್ಕ ನಾವು ಮುಂಜಾನೇನ ಬಿಚ್ಚತೀವಿ.”

ನನಗೆ ಥಟ್ಟನೆ ನೆನಪಾಯಿತು. ಇದೇ ಪ್ರಶ್ನೆಗೆ ಇವನು ಪರೀಕ್ಷೆಯಲ್ಲಿ ಬಾಣಗಳನ್ನು ತಿರುವು ಮುರುವು ಎಳೆದಿದ್ದ. ನಾನು ಕೆಂಪು ಪೆನ್ನಿನಲ್ಲಿ ಸೊನ್ನೆ ಸುತ್ತಿದ್ದೆ. ಸಂಕೋಚದಿಂದಲೇ ಅದನ್ನು ಹೇಳಿದೆ. “ಆವಾಗ ಸಮುದ್ರ ಯಾ ಕಡೆ ಐತಿ ಅನ್ನೂದ ಗೊತ್ತಿರಲಿಲ್ರಿ ಸರ” ಎಂದ. ಅವನ ದನಿಯಲ್ಲಿ ದೂರೇನೂ ಇರಲಿಲ್ಲ. ನನಗೂ ಗೊತ್ತಿರಲಿಲ್ಲ ಎಂದು ಅವನಿಗೆ ಹೇಳುವ ಧೈರ್ಯ ಮಾತ್ರ ನನಗೆ ಬರಲಿಲ್ಲ.

ಬಸ್ ಹತ್ತಿಸುವಾಗ ಕಿಟಕಿಗೆ ಬಂದು, “ಮಗಳು ಅವ್ವನ ಕಡೆ ಊರಾಗ ಅದಾಳ್ರಿ, ಎಂಟನೇತ್ತೆ. ನಾ ಸಮುದ್ರದ ಬಾಜೂಕ ಹನ್ನೆರಡು ವರ್ಷ ಅದೀನಿ, ಆಕಿ ಒಮ್ಮೆನೂ ನೋಡಿಲ್ಲ” ಎಂದ. ನಾನು ತಲೆಯಾಡಿಸಿದೆ.

ಮರಳಿ ಬಂದ ಮೇಲೆ ಶಾಲೆಯ ಅಂಗಳದ ಬಿಸಿಲಿನಲ್ಲಿ ಎರಡು ತಾಟು ಇಟ್ಟೆವು. ಒಂದರಲ್ಲಿ ಮಿರಾಮಾರಿನಿಂದ ತಂದ ಉಸುಕು, ಇನ್ನೊಂದರಲ್ಲಿ ಬೋರಿನ ನೀರು. ಒಂದು ಗಂಟೆಯಲ್ಲಿ ಉಸುಕು ಕೈಸುಡುವಂತಾಯಿತು, ನೀರು ಉಗುರು ಬೆಚ್ಚಗಿತ್ತು. ಅಷ್ಟೇ ತೂಕದ ಉಸುಕಿಗಿಂತ ನೀರನ್ನು ಕಾಯಿಸಲು ಸುಮಾರು ಐದು ಪಟ್ಟು ಶಾಖ ಬೇಕು. ಮಕ್ಕಳು ಸರದಿಯಲ್ಲಿ ಬೆರಳಿಟ್ಟು ನೋಡಿದರು. ಬಾಣ ಎಳೆಯುವ ಮೊದಲೇ ಉತ್ತರ ಹೇಳಿದರು.

ಆದರೂ ತಾಟಿನ ನೀರು ಸಮುದ್ರವಲ್ಲ. ನಮ್ಮ ಶಾಲೆಯ ಪ್ರವಾಸವೆಂದರೆ ಗೋಳಗುಮ್ಮಟ, ಬಾದಾಮಿ, ಐಹೊಳೆ. ಈ ಸಲ ಪಣಜಿ ಎಂದು ಬರೆದುಕೊಟ್ಟಿದ್ದೇನೆ. ಹೆಡ್ ಮಾಸ್ತರರು ಖರ್ಚು ಕೇಳಿ ಕನ್ನಡಕ ತೆಗೆದು ಒರೆಸಿದರು, ಬೇಡ ಎನ್ನಲಿಲ್ಲ. ಆ ಹುಡುಗಿ ಬಬಲೇಶ್ವರದ ಬೇರೆ ಶಾಲೆಯವಳು, ನಿಯಮದ ತೊಡಕಿದೆ. ಆದರೂ ಪಟ್ಟಿಯಲ್ಲಿ ಒಂದು ಸಾಲು ಖಾಲಿ ಬಿಟ್ಟಿದ್ದೇನೆ.