ಅಚ್ಚೂ ಬಣ್ಣವೂ

ಹಾರೈಸುವುದು ಮನುಷ್ಯನ ಬಹು ಹಳೆಯ ಅಭ್ಯಾಸ. ತನಗೆ ಬೇಕಾದವರಿಗೆ ಒಳಿತಾಗಲೆಂದು ಬಯಸುವುದು, ಆ ಬಯಕೆಯನ್ನು ಬರಿಯ ಬಾಯಿಮಾತಿನಲ್ಲಿ ಬಿಡದೆ ಕೈಗೆ ಸಿಗುವ ಒಂದು ವಸ್ತುವಿನ ರೂಪದಲ್ಲಿ ಒಪ್ಪಿಸುವುದು ಎಷ್ಟೋ ನಾಡುಗಳಲ್ಲಿ ಕಂಡುಬರುವ ಸಂಪ್ರದಾಯ. ಕನ್ನಡ ನಾಡಿನಲ್ಲಿ ಸಂಕ್ರಾಂತಿಯ ಸಂಜೆ ಮನೆಮನೆಗೆ ಹೋಗಿ ಎಳ್ಳು ಬೀರುವ ಮಕ್ಕಳು ಮಾಡುವುದೂ ಇದನ್ನೇ. ಬೆಲ್ಲವನ್ನೂ ಕೊಬ್ಬರಿಯನ್ನೂ ಸಣ್ಣಗೆ ಹೆಚ್ಚಿ, ಒಣಗಿಸಿ, ಎಳ್ಳಿನೊಡನೆ ಹದವಾಗಿ ಬೆರೆಸುವುದರಲ್ಲಿ ಮನೆಯವರ ಹಲವು ದಿನಗಳ ದುಡಿಮೆ ಅಡಗಿರುತ್ತದೆ. ದೂರದಲ್ಲಿರುವವರಿಗೆ ಹೀಗೆ ಎಳ್ಳು ಬೀರಲಾಗದು. ಅಂಥವರಿಗೆ ಹಾರೈಕೆಯನ್ನು ಹೊತ್ತೊಯ್ಯುವ ಸಾಧನ ಶುಭಾಶಯ ಪತ್ರ. ಅದನ್ನು ಅಂಗಡಿಯಿಂದ ಕೊಂಡು ತರದೆ, ದಪ್ಪ ಕಾಗದದ ಮೇಲೆ ರಬ್ಬರಿನ ಅಚ್ಚನ್ನು ಒತ್ತಿ, ಕೈಯಾರೆ ಬಣ್ಣ ತುಂಬಿ ಸಿದ್ಧಪಡಿಸುವ ಕಲೆಯೊಂದು ಇಂದು ಅನೇಕ ದೇಶಗಳಲ್ಲಿ ರೂಢಿಯಲ್ಲಿದೆ. ಮೇಲುನೋಟಕ್ಕೆ ಇದು ಬಿಡುವಿನ ವೇಳೆಯ ಆಟವೆಂದು ತೋರಬಹುದು. ಸ್ವಲ್ಪ ವಿಚಾರ ಮಾಡಿದರೆ, ಬೇರೆಡೆ ಕಳೆದುಹೋಗುತ್ತಿರುವ ಒಂದು ಗುಣವನ್ನು ಇದು ಕಾಪಾಡಿಕೊಂಡು ಬರುತ್ತಿದೆಯೆಂಬುದು ತಿಳಿಯುತ್ತದೆ.

ಶುಭಾಶಯ ಪತ್ರದ ಚರಿತ್ರೆಯಲ್ಲಿಯೇ ಒಂದು ವಿನೋದವಿದೆ. ಇಂಗ್ಲೆಂಡಿನಲ್ಲಿ 1840ರಲ್ಲಿ ಒಂದು ಪೆನ್ನಿಯ ವೆಚ್ಚದಲ್ಲಿ ದೇಶದ ಯಾವ ಮೂಲೆಗಾದರೂ ಕಾಗದ ಕಳುಹಿಸುವ ಏರ್ಪಾಡು ಜಾರಿಗೆ ಬಂದಿತು. ಆ ಸುಧಾರಣೆಗಾಗಿ ದುಡಿದವರಲ್ಲಿ ಹೆನ್ರಿ ಕೋಲ್ ಎಂಬಾತನೂ ಒಬ್ಬ. ಅಂಚೆ ಅಗ್ಗವಾದುದರಿಂದ ಪತ್ರಗಳು ಹೆಚ್ಚಿದವು. ಹಬ್ಬದ ಕಾಲದಲ್ಲಿ ಸ್ನೇಹಿತರೆಲ್ಲರಿಗೂ ಬಿಡಿಬಿಡಿಯಾಗಿ ಬರೆಯಲು ಕೋಲನಿಗೆ ಬಿಡುವಿಲ್ಲದಾಯಿತು. 1843ರಲ್ಲಿ ಆತ ಜಾನ್ ಕಾಲ್‌ಕಾಟ್ ಹಾರ್ಸ್‌ಲಿ ಎಂಬ ಚಿತ್ರಕಾರನಿಂದ ಕ್ರಿಸ್‌ಮಸ್ ಪತ್ರವೊಂದನ್ನು ಬರೆಯಿಸಿ ಒಂದು ಸಾವಿರ ಪ್ರತಿಗಳನ್ನು ಅಚ್ಚು ಹಾಕಿಸಿದ. ನಡುವೆ ಕುಟುಂಬವೊಂದು ಸಂತೋಷದಿಂದ ಪಾನ ಮಾಡುತ್ತಿರುವ ದೃಶ್ಯ. ಎರಡು ಪಕ್ಕಗಳಲ್ಲಿ ಬಡವರಿಗೆ ಅನ್ನ ಮತ್ತು ವಸ್ತ್ರಗಳನ್ನು ನೀಡುತ್ತಿರುವ ದೃಶ್ಯಗಳು. ಮಗುವಿನ ಬಾಯಿಗೂ ದ್ರಾಕ್ಷಾರಸದ ಬಟ್ಟಲನ್ನು ಹಿಡಿದಿದ್ದರೆಂದು ಪಾನವಿರೋಧಿಗಳು ಆಕ್ಷೇಪಿಸಿದರಂತೆ. ತಾನು ಬಳಸಿ ಉಳಿದ ಪ್ರತಿಗಳನ್ನು ಕೋಲ್ ಒಂದಕ್ಕೆ ಒಂದು ಷಿಲಿಂಗಿನಂತೆ ಮಾರಾಟಕ್ಕೆ ಬಿಟ್ಟ. ಮಾರಾಟಕ್ಕೆ ಬಂದ ಮೊದಲ ಕ್ರಿಸ್‌ಮಸ್ ಪತ್ರವೆಂದು ಅದು ಪ್ರಸಿದ್ಧವಾಗಿದೆ.

ಇಲ್ಲಿ ಗಮನಿಸಬೇಕಾದ ಸಂಗತಿಗಳು ಎರಡು. ಮೊದಲನೆಯದು, ಅಚ್ಚಿನ ಶುಭಾಶಯ ಪತ್ರ ಹುಟ್ಟಿದ್ದೇ ಸಮಯವನ್ನು ಉಳಿಸುವುದಕ್ಕಾಗಿ. ಎರಡನೆಯದು, ಆ ಪತ್ರದ ಗೆರೆಗಳನ್ನಷ್ಟೇ ಕಲ್ಲಚ್ಚಿನಲ್ಲಿ ಮುದ್ರಿಸಿ, ಬಣ್ಣವನ್ನು ಕೈಯಿಂದಲೇ ತುಂಬಿದ್ದರು. ಗೆರೆ ಯಂತ್ರದ್ದು, ಬಣ್ಣ ಕೈಯದು ಎಂಬ ಈ ಹಂಚಿಕೆ ಬಹುಕಾಲ ನಿಲ್ಲಲಿಲ್ಲ. ಹಲವು ಬಣ್ಣಗಳನ್ನು ಕಲ್ಲಚ್ಚಿನಿಂದಲೇ ಮೂಡಿಸುವ ವಿಧಾನ ಬೆಳೆಯಿತು. 1870ರ ದಶಕದಲ್ಲಿ ಅಮೆರಿಕದ ಬಾಸ್ಟನ್ ನಗರದ ಲೂಯಿ ಪ್ರಾಂಗ್ ಅಂಥ ಪತ್ರಗಳನ್ನು ಅಪಾರ ಸಂಖ್ಯೆಯಲ್ಲಿ ಮುದ್ರಿಸಿ ಹೆಸರಾದ. ಆಮೇಲೆ ಕಳುಹಿಸುವವನ ಪಾಲಿಗೆ ಉಳಿದುದು ತನ್ನ ಹೆಸರನ್ನು ಬರೆಯುವ ಕೆಲಸವೊಂದೇ. ಹಾರೈಕೆಯ ಮಾತು ಕೂಡ ಒಳಗೆ ಅಚ್ಚಾಗಿಯೇ ಬರುತ್ತಿತ್ತು.

ರಬ್ಬರಿನ ಅಚ್ಚಿನ ಹುಟ್ಟೂ ಅದೇ ಶತಮಾನದ್ದು. ಮರದ ಹಾಲಿನಿಂದ ದೊರೆಯುವ ರಬ್ಬರು ಮೊದಲು ಅಷ್ಟಾಗಿ ಉಪಯೋಗಕ್ಕೆ ಬಾರದ ಪದಾರ್ಥವಾಗಿತ್ತು. ಬಿಸಿಲಿಗೆ ಮೆತ್ತಗಾಗಿ ಅಂಟುತ್ತಿತ್ತು, ಚಳಿಗೆ ಬಿರುಸಾಗಿ ಬಿರಿಯುತ್ತಿತ್ತು. ಗಂಧಕದೊಡನೆ ಕಾಯಿಸಿದರೆ ಈ ದೋಷಗಳು ನೀಗುತ್ತವೆಂಬುದನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡು, 1844ರಲ್ಲಿ ಅದಕ್ಕೆ ಪೇಟೆಂಟನ್ನು ಪಡೆದ. ಹೀಗೆ ಹದಗೊಂಡ ರಬ್ಬರಿನಿಂದ ಅಕ್ಷರಗಳ ಅಚ್ಚು ತೆಗೆಯುವ ಪದ್ಧತಿ 1860ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು. ಅದು ಬೇಗನೆ ಕಚೇರಿಗಳ ಸೊತ್ತಾಯಿತು. ದಿನಾಂಕ, ಹುದ್ದೆ, 'ಸ್ವೀಕರಿಸಿದೆ', 'ತಿರಸ್ಕರಿಸಿದೆ' ಎಂಬ ಒಕ್ಕಣೆಗಳು ಕಾಗದದ ಮೇಲೆ ಬೀಳುವುದು ಅದರ ಮೂಲಕವೇ. ಸ್ವಂತ ವಿಚಾರವಿಲ್ಲದೆ ಇತರರು ಹೇಳಿದುದಕ್ಕೆ ಒಪ್ಪಿಗೆ ನೀಡುವ ಅಧಿಕಾರಿಯನ್ನು 'ರಬ್ಬರ್ ಸ್ಟಾಂಪ್' ಎಂದು ಕರೆಯುವ ರೂಢಿ ಕನ್ನಡದಲ್ಲಿಯೂ ಬೇರೂರಿದೆ. ವಿಚಾರಶೂನ್ಯತೆಗೆ ಹೆಸರಾದ ಇದೇ ವಸ್ತುವನ್ನು 1970ರ ದಶಕದಿಂದ ಈಚೆಗೆ ಅಮೆರಿಕದ ಹವ್ಯಾಸಿಗಳು ಚಿತ್ರರಚನೆಗೆ ಒಗ್ಗಿಸಿಕೊಂಡರು. ಹೂವು, ಹಕ್ಕಿ, ಮನೆ, ಮರಗಳ ಅಚ್ಚುಗಳು ತಯಾರಾದವು. ಹವ್ಯಾಸವು ಬೇರೆ ದೇಶಗಳಿಗೂ ಹಬ್ಬಿತು.

ಈ ಕೆಲಸ ನೋಡಲು ಸುಲಭ. ಮಾಡಲು ತಾಳ್ಮೆ ಬೇಕು. ಅಚ್ಚಿಗೆ ಮಸಿಯನ್ನು ಹಿತವಾಗಿ ತಟ್ಟಿ ಹಚ್ಚಬೇಕು. ಹೆಚ್ಚಾದರೆ ಸಣ್ಣ ಗೆರೆಗಳು ಮುಚ್ಚಿಹೋಗುತ್ತವೆ. ಅಚ್ಚನ್ನು ಕಾಗದದ ಮೇಲೆ ನೇರವಾಗಿ ಇಟ್ಟು, ಅಲುಗಿಸದೆ ಒತ್ತಿ, ನೇರವಾಗಿಯೇ ಎತ್ತಬೇಕು. ಅಲುಗಿದರೆ ಅಂಚಿನ ಕಲೆ ಮೂಡುತ್ತದೆ. ನೀರುಬಣ್ಣ ತುಂಬುವುದಾದರೆ ನೀರಿಗೆ ಕರಗದ ಮಸಿಯೇ ಆಗಬೇಕು. ಇಲ್ಲವಾದರೆ ಕುಂಚ ಸೋಕಿದೊಡನೆ ಗೆರೆ ಹರಡಿ ಬಣ್ಣ ಕೆಡುತ್ತದೆ. ಕಾಗದವೂ ದಪ್ಪನಾಗಿರಬೇಕು, ತೆಳುವಾದುದು ನೀರು ಕುಡಿದು ಸುಕ್ಕುಗಟ್ಟುತ್ತದೆ. ಬಣ್ಣದ ಪೆನ್ಸಿಲಿನಿಂದ ತುಂಬುವವರು ತಿಳಿಯಾದ ಬಣ್ಣದಿಂದ ಆರಂಭಿಸಿ, ಪದರಪದರವಾಗಿ ಗಾಢತೆಗೆ ಹೋಗುತ್ತಾರೆ. ಬೆಳಕು ಯಾವ ಕಡೆಯಿಂದ ಬೀಳುತ್ತದೆಂಬುದನ್ನು ಮೊದಲೇ ನಿಶ್ಚಯಿಸಿಕೊಂಡು ಆ ಕಡೆಯನ್ನು ತಿಳಿಯಾಗಿ ಬಿಟ್ಟರೆ ಚಪ್ಪಟೆಯಾದ ಹಣ್ಣು ದುಂಡಗೆ ಕಾಣುತ್ತದೆ.

ಒಂದು ಹೂವಿನ ಹಿಂದೆ ಮತ್ತೊಂದು ಹೂವು ಇರುವಂತೆ ತೋರಿಸುವುದಕ್ಕೂ ಉಪಾಯವಿದೆ. ಮೊದಲು ಮುಂದಿನ ಹೂವನ್ನು ಒತ್ತಬೇಕು. ಅದೇ ಅಚ್ಚನ್ನು ತೆಳುಕಾಗದವೊಂದರ ಮೇಲೆಯೂ ಒತ್ತಿ, ಆಕಾರಕ್ಕೆ ಸರಿಯಾಗಿ ಕತ್ತರಿಸಿ, ಆ ತುಣುಕಿನಿಂದ ಮೊದಲ ಹೂವನ್ನು ಮುಚ್ಚಬೇಕು. ಅದರ ಅಂಚು ಸೇರುವಂತೆ ಎರಡನೆಯ ಹೂವನ್ನು ಒತ್ತಿ ತುಣುಕನ್ನು ತೆಗೆದಾಗ, ಎರಡನೆಯದು ಮೊದಲನೆಯದರ ಹಿಂದೆ ಸರಿದು ನಿಂತಿರುತ್ತದೆ. ಇಂಥ ಸಣ್ಣ ಜಾಣತನಗಳಿಂದ ನಾಲ್ಕೇ ಅಚ್ಚುಗಳನ್ನು ಹೊಂದಿದವನು ಒಂದು ತೋಟವನ್ನೇ ಬೆಳೆಸಬಲ್ಲನು.

ಈ ಹವ್ಯಾಸವನ್ನು ಕುರಿತು ಮೂರು ಆಕ್ಷೇಪಗಳು ಕೇಳಿಬರುತ್ತವೆ. ಅವುಗಳನ್ನು ಒಂದೊಂದಾಗಿ ಪರಿಶೀಲಿಸುವುದು ಉಚಿತ.

ಅಚ್ಚಿನ ಗೆರೆ ಇನ್ನೊಬ್ಬರದು. ಹಾಗಿರುವಾಗ ಪತ್ರವನ್ನು ಸ್ವಂತದ್ದೆಂದು ಹೇಳಿಕೊಳ್ಳುವುದು ಹೇಗೆ ಎಂಬುದು ಮೊದಲ ಆಕ್ಷೇಪ. ಕೈಕಸಬುಗಳ ಪರಿಚಯವುಳ್ಳವರು ಈ ಮಾತನ್ನು ಒಪ್ಪಲಾರರು. ಜಯಪುರದ ಸಮೀಪದ ಸಾಂಗಾನೇರಿನಲ್ಲಿಯೂ ಬಗರೂವಿನಲ್ಲಿಯೂ ಮರದ ಅಚ್ಚುಗಳಿಂದ ಬಟ್ಟೆಗೆ ಚಿತ್ತಾರ ಒತ್ತುವ ಕುಶಲಕರ್ಮಿಗಳಿದ್ದಾರೆ. ಗೆರೆಗೆ ಒಂದು ಅಚ್ಚು, ಹಿನ್ನೆಲೆಗೆ ಒಂದು, ಒಳಗೆ ತುಂಬುವ ಬಣ್ಣಕ್ಕೆ ಇನ್ನೊಂದು. ಅಚ್ಚನ್ನು ಕೆತ್ತುವವನು ಬೇರೆ, ಒತ್ತುವವನು ಬೇರೆ. ಆದರೂ ಬಟ್ಟೆಯ ಚೆಲುವು ಒತ್ತುವವನ ಕೈಹದವನ್ನು ಅವಲಂಬಿಸಿದೆ. ಅಂಗಳದ ರಂಗೋಲಿಯ ಚುಕ್ಕಿಗಳ ಲೆಕ್ಕವೂ ತಾಯಿಯಿಂದ ಮಗಳಿಗೆ ಬಂದದ್ದೇ. ಹಾಗೆಂದು ಬೀದಿಯ ರಂಗೋಲಿಗಳೆಲ್ಲ ಒಂದೇ ಆಗಿರುವುದಿಲ್ಲ. ಮೇಲಾಗಿ, ಚಿತ್ರ ಬರೆಯಲು ಬಾರದೆಂದು ಬಾಲ್ಯದಲ್ಲಿಯೇ ಕುಂಚವನ್ನು ಕೆಳಗಿಟ್ಟವರು ಅಸಂಖ್ಯರು. ಅಂಥವರಿಗೆ ಗೆರೆಯ ಭಯವನ್ನು ನೀಗಿ, ಬಣ್ಣದ ಸಂತೋಷವನ್ನು ಮರಳಿ ಕೊಡುವುದು ಈ ಅಚ್ಚು.

ಬಣ್ಣವೆಂಬುದು ಕೇವಲ ಅಲಂಕಾರವೂ ಅಲ್ಲ. ಒಂದೇ ತಾವರೆಯ ಅಚ್ಚಿನಿಂದ ಮದುವೆಯಾಗುವ ಗೆಳತಿಗೂ ಪತ್ರ ಮಾಡಬಹುದು, ತಾಯಿಯನ್ನು ಕಳೆದುಕೊಂಡ ಗೆಳೆಯನಿಗೂ ಮಾಡಬಹುದು. ಮೊದಲನೆಯದಕ್ಕೆ ತುಂಬುಗೆಂಪು ಒಪ್ಪುತ್ತದೆ; ಎರಡನೆಯದಕ್ಕೆ ಮಸುಕಾದ ನೀಲಿಯ ಒಂದು ತೆಳುಪದರವೇ ಸಾಕಾದೀತು, ಅಥವಾ ಎಸಳುಗಳನ್ನು ಬಿಳಿಯಾಗಿಯೇ ಬಿಡುವುದು ಲೇಸೆನಿಸೀತು. ಯಾವುದು ಸರಿಯೆಂದು ತಿಳಿಯಬೇಕಾದರೆ ಪತ್ರ ಪಡೆಯುವವರನ್ನು ಮನಸ್ಸಿನ ಮುಂದೆ ತಂದುಕೊಳ್ಳಲೇಬೇಕು. ಅರ್ಧ ಗಂಟೆಯ ಕಾಲ ಒಬ್ಬರನ್ನೇ ಕುರಿತು ಯೋಚಿಸುವುದು ಇಂದಿನ ಬದುಕಿನಲ್ಲಿ ಅಪರೂಪ. ಅಚ್ಚು ಎಲ್ಲರಿಗೂ ಒಂದೇ. ಬಣ್ಣ ಮಾತ್ರ ಒಬ್ಬರಿಗಾಗಿ. ಈ ಕಲೆಯ ಸಾರವೆಲ್ಲ ಇಷ್ಟರಲ್ಲಿಯೇ ಇದೆ.

ದೂರವಾಣಿಯ ಮೂಲಕ ಕ್ಷಣಾರ್ಧದಲ್ಲಿ, ಖರ್ಚಿಲ್ಲದೆ ಶುಭಾಶಯ ಕಳುಹಿಸಬಹುದಾದಾಗ ಈ ಶ್ರಮವೇಕೆ ಎಂಬುದು ಎರಡನೆಯ ಆಕ್ಷೇಪ. ಮೊಬೈಲ್ ಫೋನಿನ ಉಪಕಾರವನ್ನು ಅಲ್ಲಗಳೆಯುವುದು ಅವಿವೇಕ. ಕಾಯಿಲೆ, ಅಪಘಾತ, ಪರೀಕ್ಷೆಯ ಫಲಿತಾಂಶ ಮೊದಲಾದ ಸುದ್ದಿಗಳು ಎಷ್ಟು ಬೇಗ ತಲುಪಿದರೆ ಅಷ್ಟು ಒಳ್ಳೆಯದು. ಆದರೆ ಹಾರೈಕೆ ಸುದ್ದಿಯಲ್ಲ. ಯುಗಾದಿ ಬಂದಿತೆಂಬುದನ್ನು ಯಾರೂ ಯಾರಿಗೂ ತಿಳಿಸಬೇಕಾಗಿಲ್ಲ. 'ನಿನ್ನನ್ನು ನೆನೆದೆ' ಎಂಬುದೊಂದೇ ಹಾರೈಕೆಯೊಳಗಿನ ಮಾತು. ಎಲ್ಲಿಂದಲೋ ಬಂದ ಚಿತ್ರವನ್ನು ಬೆರಳಿನ ಒಂದು ಸೋಕಿನಿಂದ ಇನ್ನೂರು ಮಂದಿಗೆ ದಾಟಿಸಿದಾಗ ಆ ಮಾತು ಸುಳ್ಳಾಗುತ್ತದೆ. ಇನ್ನೂರರಲ್ಲಿ ಒಬ್ಬರನ್ನೂ ನೆನೆದಿರುವುದಿಲ್ಲ. ಪಡೆದವರೂ ಅದನ್ನು ಬಲ್ಲರು. ಆದುದರಿಂದಲೇ ನೋಡಿದೊಡನೆ ಅಳಿಸುತ್ತಾರೆ.

ಹಾರೈಕೆಗೆ ಆತುರ ಸಲ್ಲದೆಂಬುದಕ್ಕೆ ಜಪಾನಿನ ಪದ್ಧತಿ ಒಳ್ಳೆಯ ನಿದರ್ಶನ. ಅಲ್ಲಿ ಹೊಸ ವರ್ಷದ ಅಂಚೆಕಾರ್ಡುಗಳನ್ನು 'ನೆಂಗಾಜೊ' ಎನ್ನುತ್ತಾರೆ. ಡಿಸೆಂಬರಿನಲ್ಲಿ ಗೊತ್ತಾದ ದಿನಗಳೊಳಗೆ ಅಂಚೆಗೆ ಹಾಕಿದ ಕಾರ್ಡುಗಳನ್ನು ಅಂಚೆಯವರು ಕೂಡಿಟ್ಟುಕೊಂಡು, ಜನವರಿ 1ರಂದು ಮನೆಮನೆಗೆ ಮುಟ್ಟಿಸುತ್ತಾರೆ. ಆಲೂಗೆಡ್ಡೆಯನ್ನೋ ಪೆನ್ಸಿಲ್ ಗೆರೆ ಅಳಿಸುವ ರಬ್ಬರನ್ನೋ ಕೆತ್ತಿ ಅಚ್ಚು ಮಾಡಿಕೊಂಡು, ಬರುವ ವರ್ಷದ ಪ್ರಾಣಿಯ ಚಿತ್ರವನ್ನು ಒತ್ತುವ ವಾಡಿಕೆ ಅಲ್ಲಿನ ಮನೆಗಳಲ್ಲಿದೆ. ಹೊಸ ವರ್ಷಕ್ಕೆಂದು ಅಲ್ಲಿ 2003ರಲ್ಲಿ ಹೊರಡಿಸಿದ ಕಾರ್ಡುಗಳ ಸಂಖ್ಯೆ 440 ಕೋಟಿಗೂ ಮಿಗಿಲು. ಅನಂತರದ ವರ್ಷಗಳಲ್ಲಿ ಫೋನಿನ ಸಂದೇಶಗಳು ಹೆಚ್ಚಿದಂತೆ ಆ ಸಂಖ್ಯೆ ಬಹಳವಾಗಿ ಇಳಿದಿದೆ. ಇಷ್ಟು ಗಟ್ಟಿಯಾಗಿ ಬೇರುಬಿಟ್ಟ ಸಂಪ್ರದಾಯವೇ ಸೊರಗುತ್ತಿರುವಾಗ, ಇಂಥದು ತಾನಾಗಿ ಉಳಿಯುತ್ತದೆಂದು ನೆಚ್ಚುವಂತಿಲ್ಲ. ಬೇಕೆನ್ನುವವರು ಅದನ್ನು ಉಳಿಸಿಕೊಳ್ಳಬೇಕು.

ಮೂರನೆಯ ಆಕ್ಷೇಪದಲ್ಲಿ ನ್ಯಾಯವಿದೆ. ಈ ಹವ್ಯಾಸವು ದುಬಾರಿಯೆಂದೂ, ಕೊಳ್ಳುವ ಚಪಲಕ್ಕೆ ದಾರಿ ಮಾಡುತ್ತದೆಂದೂ ಹೇಳುವವರ ಮಾತು ಪೂರ್ತಿ ಸುಳ್ಳಲ್ಲ. ಅಂಗಡಿಗಳಲ್ಲಿ ನೂರಾರು ಬಗೆಯ ಅಚ್ಚುಗಳು, ಮಸಿಗಳು, ಮಿನುಗುವ ಪುಡಿಗಳು ಬಂದಿವೆ. ಪೆಟ್ಟಿಗೆ ತುಂಬುತ್ತ ಹೋಗಿ ಅಂಚೆಗೆ ಒಂದು ಪತ್ರವೂ ಬೀಳದಿದ್ದರೆ ಅದು ಕಲೆಯಲ್ಲ, ಸಂಗ್ರಹ. ಆದರೆ ಸಾಧನಗಳಿಗಾಗಿ ಹಣ ಸುರಿಯಲೇಬೇಕಾದ ಅಗತ್ಯವಿಲ್ಲ. ಬೆಂಡೆಕಾಯಿಯನ್ನು ಅಡ್ಡಲಾಗಿ ಕತ್ತರಿಸಿ ಬಣ್ಣದಲ್ಲಿ ಅದ್ದಿ ಒತ್ತಿದರೆ ಅಂದವಾದ ಎಸಳುಗಳ ಹೂವೊಂದು ಮೂಡುವುದನ್ನು ಪ್ರಾಥಮಿಕ ಶಾಲೆಯ ಮಕ್ಕಳೂ ಬಲ್ಲರು. ಆಲೂಗೆಡ್ಡೆಯನ್ನು ಎರಡು ಹೋಳು ಮಾಡಿ, ತೇವವನ್ನು ಬಟ್ಟೆಯಿಂದ ಒರಸಿ, ಬೇಕಾದ ಆಕಾರವನ್ನು ಬಿಟ್ಟು ಉಳಿದುದನ್ನು ಕೊರೆದು ತೆಗೆದರೆ ಅಚ್ಚು ಸಿದ್ಧ. ಅಕ್ಷರಗಳನ್ನು ಕೆತ್ತುವುದಾದರೆ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಕೆತ್ತಬೇಕೆಂಬುದಷ್ಟೇ ನೆನಪಿರಬೇಕು.

ಸಾಧನಗಳ ಕೊರತೆ ಹಾರೈಕೆಗೆ ಅಡ್ಡಿಯಲ್ಲವೆಂಬುದಕ್ಕೆ ಇನ್ನೊಂದು ಘಟನೆ ಸಾಕ್ಷಿ. ಎರಡನೆಯ ಮಹಾಯುದ್ಧದ ಬಳಿಕ ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯೂನಿಸೆಫ್, ಚೆಕೊಸ್ಲೊವಾಕಿಯ ದೇಶದ ಮಕ್ಕಳಿಗೂ ನೆರವು ನೀಡಿತು. ಅದನ್ನು ಪಡೆದ ಹಳ್ಳಿಯೊಂದರ ಜಿತ್ಕಾ ಎಂಬ ಏಳು ವರ್ಷದ ಬಾಲಕಿ, ಕೃತಜ್ಞತೆಯ ಕುರುಹಾಗಿ ಮಕ್ಕಳು ಕುಣಿಯುತ್ತಿರುವ ಚಿತ್ರವೊಂದನ್ನು ಬರೆದಳು. ಕಾಗದ ದೊರೆಯದ ಕಾರಣ ಗಾಜಿನ ಮೇಲೆ ಬರೆದಳೆಂದು ಹೇಳುತ್ತಾರೆ. 1949ರಲ್ಲಿ ಆ ಚಿತ್ರವೇ ಯೂನಿಸೆಫಿನ ಮೊದಲ ಶುಭಾಶಯ ಪತ್ರವಾಯಿತು. ಅಂಥ ಪತ್ರಗಳ ಮಾರಾಟದಿಂದ ಬಂದ ಹಣ ಮುಂದೆ ಎಷ್ಟೋ ದೇಶಗಳ ಮಕ್ಕಳ ನೆರವಿಗೆ ಒದಗಿತು.

ಹಾಗಾದರೆ ಈ ಕಲೆಗೆ ಶಾಲೆಗಳಲ್ಲಿ ಸ್ಥಾನವಿರಬೇಕೆ? ಇರಬೇಕು, ಆದರೆ ಬಹುಮಾನಕ್ಕಾಗಿ ಅಲ್ಲ, ಗೋಡೆಗೆ ಅಂಟಿಸುವ ಪ್ರದರ್ಶನಕ್ಕಾಗಿಯೂ ಅಲ್ಲ. ವರ್ಷಕ್ಕೆ ಒಮ್ಮೆಯಾದರೂ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಪತ್ರವನ್ನು ತನ್ನ ಕೈಯಾರೆ ಮಾಡಿ, ಒಳಗೆ ಎರಡು ಸಾಲುಗಳನ್ನು ಸ್ವಂತ ಮಾತಿನಲ್ಲಿ ಬರೆದು, ವಿಳಾಸವನ್ನು ಪಿನ್‌ಕೋಡಿನೊಡನೆ ಸರಿಯಾಗಿ ನಮೂದಿಸಿ ಅಂಚೆಗೆ ಹಾಕಬೇಕು. ಅದು ಹಳ್ಳಿಯಲ್ಲಿ ಒಂಟಿಯಾಗಿರುವ ಅಜ್ಜಿಗೆ ಹೋಗಬಹುದು. ಊರು ಬಿಟ್ಟುಹೋದ ಸಹಪಾಠಿಗೆ ಹೋಗಬಹುದು. ಆಸ್ಪತ್ರೆಯಲ್ಲಿ ಮಲಗಿರುವ ಬಂಧುವಿಗೆ ಹೋಗಬಹುದು. ಬಣ್ಣ ಗೆರೆ ದಾಟಿದ್ದರೂ, ಅಚ್ಚು ಒಂದಿಷ್ಟು ಓರೆಯಾಗಿ ಬಿದ್ದಿದ್ದರೂ ಪಡೆದವರು ಅದನ್ನು ತಪ್ಪೆಂದು ಎಣಿಸುವುದಿಲ್ಲ. ಆ ಓರೆಯಲ್ಲಿಯೇ ಅವರಿಗೆ ಕಳುಹಿಸಿದವರ ಕೈ ಕಾಣಿಸುತ್ತದೆ.

ಯಂತ್ರಗಳು ಇನ್ನೂ ಸುಂದರವಾದ ಪತ್ರಗಳನ್ನು ಇನ್ನೂ ಅಗ್ಗವಾಗಿ ತಯಾರಿಸಿಕೊಡಬಲ್ಲವು. ಹಾರೈಕೆಯ ಮಾತುಗಳನ್ನೂ ಅವು ಈಗ ಪೋಣಿಸಿ ಕೊಡುತ್ತಿವೆ. ಯಾರನ್ನು ನೆನೆಯಬೇಕು, ಅವರಿಗೆ ಯಾವ ಬಣ್ಣ ಒಪ್ಪುತ್ತದೆ ಎಂಬುದನ್ನು ನಿರ್ಧರಿಸುವ ಕೆಲಸವನ್ನೂ ಯಂತ್ರಕ್ಕೆ ಒಪ್ಪಿಸಿದರೆ ಸಮಯವೇನೋ ಉಳಿಯುತ್ತದೆ. ಆದರೆ ಆ ಸಮಯವನ್ನು ಕೊಡುವುದೇ ಹಾರೈಕೆಯಾಗಿತ್ತು. ಹಾರೈಕೆಯ ಬೆಲೆಯನ್ನು ಕಾಗದದ ನಯದಿಂದಲೂ ಅಚ್ಚಿನ ಅಂದದಿಂದಲೂ ಅಳೆಯಲಾಗದು. ಒಬ್ಬರಿಗಾಗಿ ಮತ್ತೊಬ್ಬರು ಮನಸಾರೆ ವ್ಯಯಿಸಿದ ಹೊತ್ತೇ ಅದರ ಅಳತೆ.